ಥಂಡಿಗೆ ಗಾಡಿ ಬಂದ್ ಬಿತ್ತೇ? ಚಳಿಯನ್ನು ಬೈಯುವ ಮುನ್ನ...



ಜನವರಿ ಬಂತೆಂದರೆ ಕಲ್ಯಾಣ, ಡೊಂಬಿವಲಿ, ಬದ್ಲಾಪುರದ ಬೆಳಗಿಗೆ ಸ್ವೆಟರ್ ಬೇಕಾಗುತ್ತದೆ. ಅದೇ ಹೊತ್ತಿಗೆ ಕಳಂಬೋಲಿಯ ಲಾರಿ ಅಡ್ಡೆಯಲ್ಲಿ, ಭಿವಂಡಿಯ ಗೋದಾಮುಗಳ ಮುಂದೆ, ತುರ್ಭೆಯ ಎ.ಪಿ.ಎಂ.ಸಿ. ಗೇಟಿನಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: "ಥಂಡಿಗೆ ಗಾಡಿ ಬಂದ್ ಬಿತ್ತು!" ಬೆಳಗಿನ ನಾಲ್ಕು ಗಂಟೆಗೆ ಸೆಲ್ಫ್ ಹೊಡೆದರೆ ಎಂಜಿನ್ ಏಳುವುದಿಲ್ಲ. ಎದ್ದರೂ ಎರಡು ನಿಮಿಷಕ್ಕೆ ನಿಂತುಬಿಡುತ್ತದೆ. ತರಕಾರಿ ಲೋಡು ತಡವಾಗುತ್ತದೆ, ಬಾಡಿಗೆ ಕಡಿತವಾಗುತ್ತದೆ, ಸೇಠ್ ಸಿಟ್ಟಾಗುತ್ತಾರೆ. ಕೊನೆಗೆ ಎಲ್ಲ ತಪ್ಪೂ ಚಾಲಕನ ತಲೆಗೆ. "ಗಾಡಿ ನೋಡಿಕೊಳ್ಳಲು ಬರುವುದಿಲ್ಲ", "ಡೀಸೆಲ್‌ನಲ್ಲಿ ಏನೋ ಬೆರಸಿದ್ದಾನೆ" ಎನ್ನುವವರೆಗೂ ಮಾತು ಹೋಗುತ್ತದೆ.

ನಮ್ಮ ಕೇಳುಗರಲ್ಲಿ ಲಾರಿ, ಟೆಂಪೊ, ಸ್ಕೂಲ್ ಬಸ್ಸು, ನೀರಿನ ಟ್ಯಾಂಕರ್ ಓಡಿಸುವವರಿದ್ದಾರೆ. ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕರಿದ್ದಾರೆ. ಗಾಡಿ ಹೊರಟಿತೋ ಇಲ್ಲವೋ ಎಂದು ಮನೆಯಲ್ಲಿ ಕಾಯುವ ಅಕ್ಕ ತಂಗಿಯರೂ ಇದ್ದಾರೆ. ಹೀಗಾಗಿ ಈ ಸಲ ಚಳಿಗಾಲದಲ್ಲಿ ಡೀಸೆಲ್ ಗಾಡಿ ಏಕೆ ನಿಲ್ಲುತ್ತದೆ, ನಿಂತರೆ ಎಲ್ಲಿಂದ ಹುಡುಕಬೇಕು ಎಂಬುದನ್ನು ನೋಡೋಣ. ನಾನು ಓದಿದ್ದು ಕನ್ನಡ ಬಿ.ಎ., ಹಿಡಿದದ್ದು ಮೈಕು. ಆದ್ದರಿಂದ ಇಲ್ಲಿ ಗ್ಯಾರೇಜಿನ ಗುಟ್ಟುಗಳಿಲ್ಲ. ಯಾರಿಗಾದರೂ ಅರ್ಥವಾಗುವ ನಾಲ್ಕು ಮಾತುಗಳಿವೆ.

ನಮ್ಮ ಚಳಿ ಎಷ್ಟು ಚಳಿ?

ಮೊದಲು ಡೀಸೆಲ್ ಚಳಿಗೆ ಏನಾಗುತ್ತದೆ ಎಂದು ತಿಳಿಯೋಣ. ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಬೇಸಿಗೆಯಲ್ಲಿ ನೀರಿನಂತಿರುವ ಎಣ್ಣೆ ಚಳಿಗಾಲದ ಬೆಳಗ್ಗೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಡೀಸೆಲ್‌ನಲ್ಲೂ ಮೇಣದ ಅಂಶವಿದೆ. ತುಂಬಾ ತಣ್ಣಗಾದಾಗ ಆ ಮೇಣ ಸಣ್ಣ ಸಣ್ಣ ಹರಳಾಗಿ ಬೇರ್ಪಡುತ್ತದೆ, ಡೀಸೆಲ್ ಮಸುಕಾಗುತ್ತದೆ. ಇನ್ನೂ ತಣ್ಣಗಾದರೆ, ಚಹಾ ಸೋಸುವ ಜಾಲರಿಗೆ ಕೆನೆ ಕಟ್ಟಿಕೊಂಡಂತೆ ಆ ಹರಳು ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ. ಟ್ಯಾಂಕಿ ತುಂಬ ಡೀಸೆಲ್ ಇದ್ದರೂ ಎಂಜಿನ್‌ಗೆ ತಲಪುವುದಿಲ್ಲ.

ಹೀಗಾಗುವ ಉಷ್ಣತೆಗೆ ನಮ್ಮ ದೇಶದ ಡೀಸೆಲ್ ಮಾನಕವಾದ ಐ.ಎಸ್. 1460 ಒಂದು ಮಿತಿ ಹಾಕಿದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಗಾಲದ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರ್ ದಾಟಿ ಹರಿಯಬೇಕು. ಉಳಿದ ತಿಂಗಳುಗಳ ಡೀಸೆಲ್‌ಗೆ 18 ಡಿಗ್ರಿಯ ಮಿತಿ.

ಈಗ ನಮ್ಮ ಊರಿನ ಲೆಕ್ಕ ನೋಡಿ. ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.4 ಡಿಗ್ರಿ, ಅದೂ 1962ರ ಜನವರಿ 27ರಂದು! ಸಮುದ್ರದಿಂದ ದೂರವಿರುವ ಕಲ್ಯಾಣ, ಬದ್ಲಾಪುರದಲ್ಲಿ ಚಳಿ ಸ್ವಲ್ಪ ಹೆಚ್ಚು ನಿಜ. ಆದರೂ ಸಾಮಾನ್ಯ ಚಳಿಗಾಲದ ಬೆಳಗು 12ರಿಂದ 16 ಡಿಗ್ರಿಯ ಆಸುಪಾಸು. ಅಂದರೆ ಈಗಿನ ಚಳಿಗಾಲದ ಡೀಸೆಲ್ ಕಳಂಬೋಲಿಯಲ್ಲಿ ನಿಂತಲ್ಲೇ ಹೆಪ್ಪುಗಟ್ಟುವ ಮಾತೇ ಇಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ದಸರೆಗೆ ಟ್ಯಾಂಕಿ ತುಂಬಿಸಿ, ಗಾಡಿಯನ್ನು ಮೂಲೆಯಲ್ಲಿ ನಿಲ್ಲಿಸಿ, ಜನವರಿಯಲ್ಲಿ ತೆಗೆದರೆ ಅದರಲ್ಲಿರುವುದು ಬೇಸಿಗೆಯ ಡೀಸೆಲ್. ಅಂಥ ಗಾಡಿಗೆ ಹೊಸ ಡೀಸೆಲ್ ಸೇರಿಸಿಯೇ ಹೊರಡುವುದು ಒಳ್ಳೆಯದು.

ಹಾಗಾದರೆ ಚಳಿಗೇ ಏಕೆ ನಿಲ್ಲುತ್ತದೆ?

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿ ಕೆಂಡದಂತೆ ಕಾಯಿಸುತ್ತದೆ. ಆ ಬಿಸಿಗೆ ಡೀಸೆಲ್ ಚಿಮ್ಮಿದಾಗ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಕೆಲಸಕ್ಕೆ ಮೂರು ಬೇಕು: ಎಂಜಿನ್ ಜೋರಾಗಿ ತಿರುಗಬೇಕು, ಗಾಳಿ ಬಿಸಿಯಾಗಬೇಕು, ಡೀಸೆಲ್ ತಡೆಯಿಲ್ಲದೆ ಬರಬೇಕು. ಚಳಿ ಈ ಮೂರಕ್ಕೂ ಸ್ವಲ್ಪ ಸ್ವಲ್ಪ ಅಡ್ಡ ಬರುತ್ತದೆ. ಬ್ಯಾಟರಿಯ ಬಲ ಕುಗ್ಗುತ್ತದೆ. ಎಂಜಿನ್ ಆಯಿಲ್ ದಪ್ಪವಾಗುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳು ಬಿರುಸಾಗಿ ಸಂದು ಬಿಡುತ್ತವೆ. ಡೀಸೆಲ್ ಕೂಡ ತುಸು ಮಂದವಾಗುತ್ತದೆ.

ಆರೋಗ್ಯವಾಗಿರುವ ಗಾಡಿ ಇದನ್ನೆಲ್ಲ ಲೆಕ್ಕಕ್ಕೇ ಇಡುವುದಿಲ್ಲ. ಅರ್ಧ ಕಟ್ಟಿದ ಫಿಲ್ಟರ್, ಸುಸ್ತಾದ ಬ್ಯಾಟರಿ ಇರುವ ಗಾಡಿ ಅಕ್ಟೋಬರದ ಬಿಸಿಲಲ್ಲಿ ಹೇಗೋ ಓಡಿ, ಜನವರಿಯಲ್ಲಿ ಕೈಕೊಡುತ್ತದೆ. ನಮ್ಮ ಕಡೆ ಚಳಿ ಹೊಸ ರೋಗ ತರುವುದಿಲ್ಲ, ಒಳಗಿದ್ದ ರೋಗವನ್ನು ತೋರಿಸಿಕೊಡುತ್ತದೆ.

ಆ ರೋಗ ಹುಟ್ಟುವುದು ಬಹಳ ಸಲ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಠಾಣೆ ಜಿಲ್ಲೆಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಅರ್ಧ ಖಾಲಿ ಟ್ಯಾಂಕಿಯ ಒಳಗೋಡೆಯ ಮೇಲೆ ಆ ತೇವ ಹನಿಯಾಗಿ ಇಳಿಯುತ್ತದೆ. ಮುಚ್ಚಳದ ವಾಷರ್ ಸವೆದಿದ್ದರೆ ಮಳೆನೀರೂ ಸೇರುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ಅಲ್ಲಿ ತುಕ್ಕು ಹುಟ್ಟುತ್ತದೆ, ಲೋಳೆಯಂಥ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಇವೆಲ್ಲ ನಿಧಾನವಾಗಿ ಬಂದು ಸೇರುವುದು ಫಿಲ್ಟರಿಗೆ.

ಒಂದೇ ಪ್ರಶ್ನೆ: ಯಾವಾಗ ನಿಂತಿತು?

ಬಹಳಷ್ಟು ಕಡೆ ಗಾಡಿ ನಿಂತ ಕೂಡಲೇ ಹೊಸ ಬ್ಯಾಟರಿ, ಇಲ್ಲವೇ ಪಂಪು ಬಿಚ್ಚುವ ಮಾತು ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ಪಂಪು, ಇಂಜೆಕ್ಟರ್ ಕೆಲಸ ಅಂದರೆ ಸಾವಿರಗಳ ಲೆಕ್ಕ. ಅದಕ್ಕೆ ಮುನ್ನ ಯಾವಾಗ ನಿಂತಿತು ಎಂದು ನೋಡಿ. ಉತ್ತರ ಮೂರರಲ್ಲಿ ಒಂದಾಗಿರುತ್ತದೆ.

*ಒಂದು: ಸ್ಟಾರ್ಟೇ ಆಗಲಿಲ್ಲ.*

ಸೆಲ್ಫ್ ಹೊಡೆದಾಗ ಎಂಜಿನ್ ತಿರುಗುವ ಸದ್ದು ಕೇಳಿ. ನಿಧಾನವಾಗಿ ನರಳುತ್ತಾ ತಿರುಗಿದರೆ, ಅಥವಾ ಟಕ್ ಟಕ್ ಎಂದು ಸುಮ್ಮನಾದರೆ ವಿದ್ಯುತ್ತಿನ ಕಡೆ ಹುಡುಕಿ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ರಾತ್ರಿ ನಿಂತ ಗಾಡಿಯಲ್ಲಿ ಒಂದೊಂದು ಬ್ಯಾಟರಿಯೂ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಎಂದರ್ಥ. ಜೋಡಿಯಲ್ಲಿ ಒಂದೇ ಬ್ಯಾಟರಿ ಸತ್ತಿದ್ದರೂ ಇಡೀ ಗಾಡಿ ಸತ್ತಂತೆಯೇ. ಆದರೆ ಹೊಸದು ಕೊಳ್ಳುವ ಮುನ್ನ ಟರ್ಮಿನಲ್ ಮೇಲಿನ ಬಿಳಿ ಹಸಿರು ಪಾಚಿ ಕೆರೆದು ಬಿಗಿ ಮಾಡಿ. ಚಾಸಿಗೆ ಹೋಗುವ ಅರ್ತಿಂಗ್ ತಂತಿಯನ್ನೂ ನೋಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸೈಲೆನ್ಸರಿನ ಕಡೆ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ, ಬಿಸಿ ಸಾಲದು. ಛೋಟಾ ಹಾಥಿಯಂಥ ಸಣ್ಣ ಗಾಡಿಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಸುಟ್ಟುಹೋದ ಗ್ಲೋ ಪ್ಲಗ್. ಅದರ ದೀಪ ಆರುವ ಮೊದಲೇ ಅವಸರದಲ್ಲಿ ಸೆಲ್ಫ್ ಹೊಡೆಯುವುದೂ ಒಂದು ಕಾರಣ. ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಇಲ್ಲದಿದ್ದರೆ ಬ್ಯಾಟರಿಯ ಜೊತೆಗೆ ಸೆಲ್ಫ್ ಮೋಟರೂ ಹೋಗುತ್ತದೆ.

*ಎರಡು: ಸ್ಟಾರ್ಟ್ ಆಯಿತು, ಎರಡು ನಿಮಿಷಕ್ಕೆ ನಿಂತಿತು.*

ಹೆಚ್ಚು ತಲೆ ತಿನ್ನುವುದು ಇದೇ. ಬ್ಯಾಟರಿ ಚೆನ್ನಾಗಿದೆ, ಎಂಜಿನ್ ಎದ್ದಿತು, ಮತ್ತೇಕೆ ನಿಂತಿತು? ರಾತ್ರಿ ಫಿಲ್ಟರ್ ಬಟ್ಟಲಲ್ಲಿ, ಪೈಪಿನಲ್ಲಿ ಉಳಿದಿದ್ದ ಡೀಸೆಲ್‌ನಿಂದ ಎಂಜಿನ್ ಎದ್ದಿತು. ಅದು ಮುಗಿದಾಗ ಹಿಂದಿನಿಂದ ಡೀಸೆಲ್ ಬರಲಿಲ್ಲ, ಗಾಳಿ ಬಂತು. ಮೆಕ್ಯಾನಿಕ್‌ಗಳು "ಏರ್ ಹಿಡಿದಿದೆ" ಎನ್ನುವುದು ಇದಕ್ಕೇ. ಟ್ಯಾಂಕಿಯಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಸಣ್ಣ ಸಂದು ಇರುತ್ತದೆ. ಪಂಪು ಎಳೆಯುವ ಜಾಗವಾದ್ದರಿಂದ ಹೊರಗೆ ಡೀಸೆಲ್ ಸೋರದೇ ಇರಬಹುದು, ಒಳಗೆ ಗಾಳಿ ಮಾತ್ರ ಹೋಗುತ್ತದೆ. ರಾತ್ರಿಯಿಡೀ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಹಿಂದಿರುಗಿರುತ್ತದೆ.

ಹ್ಯಾಂಡ್ ಪಂಪ್ ಒತ್ತಿ ನೋಡಿ. ಹತ್ತಾರು ಸಲ ಒತ್ತಿದರೂ ಗಟ್ಟಿಯಾಗದಿದ್ದರೆ ಗಾಳಿ ಇದೆ. ಫಿಲ್ಟರ್ ಮೇಲಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬರುವವರೆಗೆ ಒತ್ತಿ, ಮತ್ತೆ ಬಿಗಿ ಮಾಡಿ. ಗಾಡಿ ಏಳುತ್ತದೆ. ಆದರೆ ಮರುದಿನ ಬೆಳಗ್ಗೆಯೂ ಇದೇ ಆದರೆ ಗಾಳಿ ತೆಗೆದರೆ ಸಾಲದು, ಸಂದು ಹುಡುಕಬೇಕು. ಪೈಪಿನ ಕ್ಲಿಪ್ಪು, ತಾಮ್ರದ ವಾಷರ್, ಹೊಸ ಫಿಲ್ಟರ್ ಹಾಕುವಾಗ ಬದಲಿಸದೆ ಬಿಟ್ಟ ಹಳೆಯ ರಬ್ಬರ್ ರಿಂಗ್... ಇವೇ ಮೊದಲ ಆರೋಪಿಗಳು.

ಇಲ್ಲೊಂದು ಮುಖ್ಯ ಮಾತು. ಈಗಿನ ಕಾಮನ್ ರೇಲ್ ಎಂಜಿನ್‌ಗಳಲ್ಲಿ ಹೈ ಪ್ರೆಷರ್ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳನ್ನು ರಸ್ತೆ ಬದಿಯಲ್ಲಿ ಸಡಿಲಿಸಲೇಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೈಯೇ ಹೋದೀತು. ಹಾಗೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

*ಮೂರು: ಚೆನ್ನಾಗಿ ಓಡಿ, ಘಾಟಿಯಲ್ಲಿ ಸುಸ್ತಾಗಿ ನಿಂತಿತು.*

ಭಿವಂಡಿ, ಶಹಾಪುರದವರೆಗೆ ಸಲೀಸಾಗಿ ಹೋದ ಗಾಡಿ ಕಸಾರಾ ಘಾಟಿ ಹತ್ತುವಾಗ ಎಳೆಯುವುದಿಲ್ಲ. ಆಕ್ಸಿಲರೇಟರ್ ತುಳಿದರೂ ಬಲವಿಲ್ಲ, ಕೊನೆಗೆ ಬಂದ್. ಲೋಡಿನ ಜೊತೆ ಏರು ಹತ್ತಲು ಹೆಚ್ಚು ಡೀಸೆಲ್ ಬೇಕು, ಕಟ್ಟಿಕೊಂಡ ಫಿಲ್ಟರ್ ಅಷ್ಟು ಕೊಡಲಾರದು. ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಏಳುತ್ತದೆ, ಮತ್ತೆ ನಿಲ್ಲುತ್ತದೆ. ಫಿಲ್ಟರ್ ಕೆಳಗಿನ ನೀರು ಬಿಡುವ ನಲ್ಲಿಯನ್ನು ಸಡಿಲಿಸಿ, ಪಾರದರ್ಶಕ ಬಾಟಲಿಗೆ ಹಿಡಿಯಿರಿ. ತಳದಲ್ಲಿ ನೀರು, ತುಕ್ಕು ಅಥವಾ ಲೋಳೆ ಕಂಡರೆ ಉತ್ತರ ಸಿಕ್ಕಿತು. ಫಿಲ್ಟರ್ ಬದಲಿಸಿ, ಟ್ಯಾಂಕಿಯ ತಳವನ್ನೂ ತೊಳೆಸಿ. ಇಲ್ಲದಿದ್ದರೆ ಹೊಸ ಫಿಲ್ಟರ್ ಸಹ ಬೇಗನೇ ಕಟ್ಟುತ್ತದೆ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಗಾಡಿ ನಿಂತ ಕೂಡಲೇ ಟ್ಯಾಂಕಿಯ ಮುಚ್ಚಳ ತೆಗೆಯಿರಿ. "ಸುಯ್" ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿಗಂಡಿ ಕಟ್ಟಿದೆ. ಡೀಸೆಲ್ ಹೊರಟ ಜಾಗಕ್ಕೆ ಗಾಳಿ ಬಾರದೆ ಪಂಪು ಎಳೆಯಲಾರದೆ ಸೋತಿದೆ. ಇದಕ್ಕೆ ಬೇಕಾದ ಔಷಧ ಒಂದು ಸಣ್ಣ ತಂತಿ ಮತ್ತು ಬಟ್ಟೆ!

ಹಾಗೆಯೇ, ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ ಎಂದು ಥರ್ಮೋಸ್ಟಾಟ್ ವಾಲ್ವ್ ತೆಗೆಸಿದ್ದರೆ ಚಳಿಗಾಲಕ್ಕೆ ಮುನ್ನ ಹಾಕಿಸಿ. ಅದಿಲ್ಲದೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಬಿಳಿ ಹೊಗೆ, ಕಡಿಮೆ ಮೈಲೇಜು, ಆಗಾಗ ನಿಲ್ಲುವುದು ಎಲ್ಲಕ್ಕೂ ದಾರಿಯಾಗುತ್ತದೆ.

ಉತ್ತರಕ್ಕೆ ಹೊರಟವರಿಗೆ

ಇಲ್ಲಿಯವರೆಗೆ ಹೇಳಿದ್ದು ನಮ್ಮ ಊರಿನ ಚಳಿಯ ಕಥೆ. ಘಾಟಿ ದಾಟಿ ಇಗತಪುರಿ, ನಾಸಿಕ್ ಕಡೆ ಹೋದರೆ ಲೆಕ್ಕ ಬದಲಾಗುತ್ತದೆ. ದ್ರಾಕ್ಷಿಯ ಊರು ನಿಫಾಡ್‌ನಲ್ಲಿ ಕೆಲವು ಚಳಿಗಾಲಗಳಲ್ಲಿ ಉಷ್ಣತೆ 5 ಡಿಗ್ರಿಗಿಂತ ಕೆಳಗೆ ಇಳಿದದ್ದಿದೆ. ಇಂದೋರ್, ದೆಹಲಿ ದಾಟಿ ಸೇಬು ತರಲು ಹಿಮಾಚಲಕ್ಕೋ ಕಾಶ್ಮೀರಕ್ಕೋ ಹೋಗುವ ಗಾಡಿಗಳಿಗೆ ಶೂನ್ಯಕ್ಕಿಂತ ಕೆಳಗಿನ ಚಳಿ ಸಿಗುತ್ತದೆ. ಅಲ್ಲಿ ಮೇಣ ಕಟ್ಟುವುದು ನಿಜವಾದ ಸಮಸ್ಯೆಯೇ. ಲಡಾಖ್‌ನಂಥ ಪ್ರದೇಶಕ್ಕೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಅದು ಮೈನಸ್ 33 ಡಿಗ್ರಿಯಲ್ಲೂ ಹರಿಯುತ್ತದೆ.

ಆದ್ದರಿಂದ ಅಗ್ಗವೆಂದೋ ಪರಿಚಯದ ಪಂಪ್ ಎಂದೋ ಇಲ್ಲಿಂದಲೇ ಟ್ಯಾಂಕಿ ತುಂಬಿಸಿಕೊಂಡು ಬೆಟ್ಟ ಹತ್ತಬೇಡಿ. ಟ್ಯಾಂಕಿ ಕೆಳಗಿಳಿದ ಮೇಲೆ ಚಳಿಯ ಊರಿನ ಡೀಸೆಲ್ ಅನ್ನು ಆ ದಾರಿಯಲ್ಲೇ ಹಾಕಿಸಿ. ಮೇಣ ತಡೆಯುವ ದ್ರಾವಣ ಹಾಕುವುದಿದ್ದರೆ ಗಟ್ಟಿಯಾಗುವ ಮೊದಲೇ ಹಾಕಬೇಕು, ಕಟ್ಟಿದ ಮೇಲೆ ಹಾಕಿದರೆ ಉಪಯೋಗವಿಲ್ಲ. ಅಕಸ್ಮಾತ್ ಕಟ್ಟಿಯೇಬಿಟ್ಟರೆ ಗಾಡಿಯನ್ನು ಬಿಸಿಲಿಗೆ ತನ್ನಿ, ಫಿಲ್ಟರ್ ಬದಲಿಸಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಫಿಲ್ಟರಿಗೂ ಪೈಪಿಗೂ ಸುತ್ತಿ. ತಾಳ್ಮೆ ಬೇಕು, ಅಷ್ಟೇ.

2020ರ ಏಪ್ರಿಲ್ 1ರ ನಂತರ ಬಂದ ಬಿ.ಎಸ್. 6 ಲಾರಿಗಳಲ್ಲಿ ಹೆಚ್ಚಿನವಕ್ಕೆ ಡಿ.ಇ.ಎಫ್. ಎಂಬ ಯೂರಿಯಾ ದ್ರಾವಣ ಬೇಕು. ಅದು ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಕರಗಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಗಾಬರಿ ಬೇಡ. ಆದರೆ ಡೀಸೆಲ್ ಟ್ಯಾಂಕಿಗೆ ಡಿ.ಇ.ಎಫ್. ಸುರಿದರೆ ಮಾತ್ರ ಪಂಪು, ಇಂಜೆಕ್ಟರ್ ಎರಡೂ ಹಾಳು. ಕತ್ತಲಲ್ಲಿ ತುಂಬಿಸುವಾಗ ಮುಚ್ಚಳದ ಬಣ್ಣ ನೋಡಿ. ಅದರ ಮುಚ್ಚಳ ಸಾಮಾನ್ಯವಾಗಿ ನೀಲಿ.

ಇವನ್ನು ಮಾಡಲೇಬೇಡಿ

ಟ್ಯಾಂಕಿಯ ಕೆಳಗೆ ಬೆಂಕಿ ಹಾಕುವುದು. ಉತ್ತರದ ರಸ್ತೆಗಳಲ್ಲಿ ಇದು ಸಾಮಾನ್ಯ ದೃಶ್ಯ. "ಡೀಸೆಲ್ ಪೆಟ್ರೋಲ್ ಅಲ್ಲವಲ್ಲ, ಹೊತ್ತಿಕೊಳ್ಳುವುದಿಲ್ಲ" ಎನ್ನುವವರಿದ್ದಾರೆ. ನಮ್ಮ ಮಾನಕದಲ್ಲಿ ಡೀಸೆಲ್‌ನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆಗೆ ಹಾಕಿರುವ ಕನಿಷ್ಠ ಮಿತಿ 35 ಡಿಗ್ರಿ. ಕಲ್ಯಾಣದ ಮೇ ತಿಂಗಳ ಮಧ್ಯಾಹ್ನವೇ ಅಷ್ಟು ಬಿಸಿ ಇರುತ್ತದೆ! ಬೆಂಕಿಯ ಮೇಲಿಟ್ಟ ಟ್ಯಾಂಕಿ ಅದನ್ನು ದಾಟಲು ಎಷ್ಟು ಹೊತ್ತು? ಚಳಿಗೆ ನಿಂತ ಗಾಡಿ ಮಧ್ಯಾಹ್ನ ಹೊರಡಬಹುದು. ಕ್ಯಾಬಿನ್‌ನಲ್ಲಿ ಮಲಗಿದ ಕ್ಲೀನರ್ ಹುಡುಗ ಸುಟ್ಟುಹೋದರೆ ಅವನ ಮನೆಗೆ ಏನು ಹೇಳುವುದು?

ಪೆಟ್ರೋಲ್ ಅಥವಾ ಸೀಮೆಎಣ್ಣೆ ಬೆರಸುವುದು. ಹಿಂದಿನ ಕಾಲದ ಪಂಪುಗಳು ತಡೆದುಕೊಂಡಿರಬಹುದು. ಈಗಿನ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಗ್ರೀಸಿನಂತೆ ಜಾರು ಕೊಡುತ್ತದೆ. ಬೆರಕೆ ಹಾಕಿದರೆ ಆ ಜಾರು ಹೋಗಿ ಲೋಹ ತೇಯುತ್ತದೆ. ಪೆಟ್ರೋಲ್ ಬೆರೆತರೆ ಬೆಂಕಿಯ ಅಪಾಯವೂ ಹೆಚ್ಚು.

ಗಾಳಿ ಎಳೆಯುವ ಬಾಯಿಗೆ ಉರಿಯುವ ಚಿಂದಿ ಹಿಡಿಯುವುದು, ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು. ಎರಡೂ ಎಂಜಿನ್ ಒಡೆಯುವ, ಮುಖ ಸುಡುವ ದಾರಿಗಳು.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬಿಸಿ ಮಾಡುವುದು, ಕ್ಯಾಬಿನ್ ಒಳಗೆ ಕೆಂಡದ ಬಾಂಡ್ಲಿ ಇಟ್ಟುಕೊಂಡು ಮಲಗುವುದು. ಅಲ್ಲಿ ತುಂಬುವ ವಿಷಗಾಳಿಗೆ ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ.

ಘಾಟಿಯಲ್ಲಿ ನಿಂತೇಬಿಟ್ಟರೆ

ಎಂಜಿನ್ ನಿಂತ ಕ್ಷಣವೇ ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಸಹ ನಿಲ್ಲುತ್ತದೆ, ಉಳಿದ ಗಾಳಿ ಕೆಲವೇ ಸಲಕ್ಕೆ ಸಾಕು. ಪದೇ ಪದೇ ಬ್ರೇಕ್ ತುಳಿಯದೆ, ಒಂದೇ ಸಲ ಗಟ್ಟಿಯಾಗಿ ಹಿಡಿದು ಎಡಬದಿಗೆ ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಹಾಕಿ. ನಾಲ್ಕೂ ಇಂಡಿಕೇಟರ್ ಮಿನುಗಲಿ. ಚಕ್ರಕ್ಕೆ ಮರದ ಗಟ್ಟಿ ತುಂಡು ಕೊಡಿ. ಹಿಂದೆ ಐವತ್ತು ಹೆಜ್ಜೆಗೂ ದೂರದಲ್ಲಿ ಕೆಂಪು ತ್ರಿಕೋನ ಇಡಿ, ತಿರುವು ಇದ್ದರೆ ತಿರುವಿನ ಆಚೆಗೇ ಇಡಿ. ಕಲ್ಲು ಇಟ್ಟಿದ್ದರೆ ಹೊರಡುವಾಗ ತೆಗೆದು ಬದಿಗೆ ಹಾಕಿ. ರಸ್ತೆ ಮಧ್ಯೆ ಉಳಿದ ಕಲ್ಲು ರಾತ್ರಿ ಬರುವ ಬೈಕಿನವನಿಗೆ ಯಮ. ಗಾಡಿಯ ಹಿಂದೆ ನಿಂತು ಮೊಬೈಲ್ ಹಿಡಿದು ಮಾತಾಡಬೇಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112.

2025ರ ಜೂನ್ 5ರಂದು ಸಮೃದ್ಧಿ ಹೆದ್ದಾರಿಯ ಕೊನೆಯ ಭಾಗ ಇಗತಪುರಿಯಿಂದ ಭಿವಂಡಿ ಬಳಿಯ ಆಮಣೆವರೆಗೆ ತೆರೆಯಿತು. ಆ ದಾರಿಯಲ್ಲಿ ಸುಮಾರು 8 ಕಿಲೋಮೀಟರಿನ ಸುರಂಗವಿದೆ. ಸುಸ್ತಾದ ಗಾಡಿಯನ್ನು "ಹೇಗೋ ದಾಟಿಸೋಣ" ಎಂದು ಅದರೊಳಗೆ ನುಗ್ಗಿಸುವುದು ಬೇಡ. ಹೊರಗೇ ನಿಲ್ಲಿಸಿ ನೋಡಿ.

ಚಾಲಕರಿಗೆ, ಮಾಲೀಕರಿಗೆ ತಲಾ ಒಂದು ಮಾತು

ಚಾಲಕ ಬಂಧುಗಳೇ, ವಾರಕ್ಕೊಮ್ಮೆ ಫಿಲ್ಟರಿನ ನೀರು ಬಿಡಿ. ರಾತ್ರಿ ನಿಲ್ಲಿಸುವಾಗ ಸಾಧ್ಯವಾದರೆ ಟ್ಯಾಂಕಿ ತುಂಬಿರಲಿ. ಒಂದು ಹೊಸ ಫಿಲ್ಟರ್, ಅದರ ರಬ್ಬರ್ ರಿಂಗು, ಸರಿಯಾದ ಪಾನಾ, ಒಂದು ಟಾರ್ಚ್ ಕ್ಯಾಬಿನ್‌ನಲ್ಲಿರಲಿ. ಡೀಸೆಲ್ ಹಾಕಿಸಿದ ರಸೀದಿ ಇಟ್ಟುಕೊಳ್ಳಿ. ಗಾಡಿ ನಿಂತರೆ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಣ್ಣದ ಹೊಗೆ ಎಂದು ಬರೆದಿಡಿ, ಫಿಲ್ಟರಿನಿಂದ ಬಂದದ್ದನ್ನು ಬಾಟಲಿಯಲ್ಲಿ ಹಿಡಿದಿಡಿ. ಮೆಕ್ಯಾನಿಕ್‌ಗೆ ಅದು ಅರ್ಧ ಕೆಲಸ. ನಿಮ್ಮ ಮೇಲೆ ಮಾತು ಬಂದಾಗ ಅದೇ ಸಾಕ್ಷಿ.

ಮಾಲೀಕರೇ, ಮಳೆಗಾಲ ಮುಗಿದ ಕೂಡಲೇ, ದೀಪಾವಳಿ ಹೊತ್ತಿಗೆ, ಒಮ್ಮೆ ಟ್ಯಾಂಕಿ ತೊಳೆಸಿ ಫಿಲ್ಟರ್ ಬದಲಿಸಿ, ಬ್ಯಾಟರಿ ತೋರಿಸಿ. ಒಂದು ಟ್ರಿಪ್ಪಿನ ಬಾಡಿಗೆ ಹೋದರೆ ಆಗುವ ನಷ್ಟಕ್ಕಿಂತ ಈ ಖರ್ಚು ಕಡಿಮೆ. ಗಾಡಿ ನಿಂತಿತೆಂದು ಫೋನ್ ಬಂದಾಗ ಮೊದಲು "ಎಲ್ಲಿದ್ದೀಯಪ್ಪಾ, ಗಾಡಿ ಬದಿಗೆ ನಿಲ್ಲಿಸಿದೆಯಾ?" ಎಂದು ಕೇಳಿ. ಬೈಗುಳದ ಭಯಕ್ಕೆ ಅವಸರ ಮಾಡುವ ಚಾಲಕನೇ ಟ್ಯಾಂಕಿಯ ಕೆಳಗೆ ಬೆಂಕಿ ಹಾಕುವುದು.

ಚಳಿಗಾಲದ ನಿಮ್ಮ ಅನುಭವಗಳನ್ನು ನಮಗೆ ಬರೆದು ತಿಳಿಸಿ. ಕ್ಯಾಬಿನ್‌ನಲ್ಲಿರಲಿ, ಅಡುಗೆಮನೆಯಲ್ಲಿರಲಿ, ಕನ್ನಡ ಕೇಳುತ್ತಿರಿ. ನಿಮ್ಮೆಲ್ಲರ ಪ್ರಯಾಣ ಸುಖಕರವಾಗಲಿ.